ಎಡಗಡೆ ಕೊನೆಯವರು

ಮಾರ್ಚ್ 4, ಮಂಗಳವಾರ
ಒಗೆದ ಬಟ್ಟೆ ಮಡಚಿಟ್ಟು ಕಂಪ್ಯೂಟರ್ ಮುಂದೆ ಕುಳಿತೆ. ಹುಡುಕಿ ತರಿಸಿದ ಹಳೆಯ ಸಿನಿಮಾದ ಡಿಸ್ಕ್ ಹಾಕಿದೆ. ಗುರ್ರ್ ಅಂದಿತು, ಸುಮ್ಮನಾಯಿತು. ಮತ್ತೆ ಹಾಕಿದೆ, ಅದೇ ಕತೆ. ಇದು ಬ್ಲೂ-ರೇ, ಡಿವಿಡಿಗಿಂತ ಹೊಸ ಬಗೆಯದು; ನಮ್ಮದು ಬರೀ ಡಿವಿಡಿ ಡ್ರೈವ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿದೆ — ನನ್ನ ಕಣ್ಣಿಗೆ ಬಿದ್ದದ್ದು ಈಗ.

ಅತ್ತೆ ಮದುವೆಗೆ ಮುಂಚೆ ಈ ಒಂದೇ ಸಿನಿಮಾದಲ್ಲಿ ನಿಂತಿದ್ದರು. ರೈಲ್ವೆ ಸ್ಟೇಷನ್ ದೃಶ್ಯ, ಗುಂಪಿನಲ್ಲಿ ಎಡಗಡೆ ಕೊನೆಯವರು. ಟಿವಿಯಲ್ಲಿ ಎಷ್ಟು ಸಲ ಬಂದರೂ ಅಲ್ಲಿ ಅವರಿಲ್ಲ. ಅಮ್ಮ ರೈಲು ಹತ್ತಿ ಹೋಗಿಬಿಟ್ಟಿದ್ದಳು ಎಂದು ನನ್ನ ಗಂಡ ಮಹಾಶಯರು ಬಂದವರೆದುರೆಲ್ಲ ನಗಾಡುತ್ತಾರೆ. ಮೊದಲು ಅತ್ತೆಯೂ ನಗುತ್ತಿದ್ದರು. ಈಗ ಆ ಮಾತೇ ಎತ್ತುವುದಿಲ್ಲ. ನನಗೆ ಸಂಕಟ. ಅವರು ಸುಳ್ಳು ಹೇಳುವವರಲ್ಲ.

ಮಾರ್ಚ್ 9, ಭಾನುವಾರ
ಹೊರಗಿನಿಂದ ಜೋಡಿಸುವ ಬ್ಲೂ-ರೇ ಡ್ರೈವ್ ತಂದೆ. ಡಿಸ್ಕ್ ಕಾಣಿಸಿತು. ಓಡಿಸುವ ಸಾಫ್ಟ್‌ವೇರ್ ಇಲ್ಲ. ಅದನ್ನೂ ಹಾಕಿಕೊಂಡೆ. ಮಾನಿಟರ್ ಹಳೆಯದು, ಇದರಲ್ಲಿ ತೋರಿಸುವುದಿಲ್ಲ ಎಂದು ಈಗ ಅದರ ತಕರಾರು. ಒಂದು ಸಿನಿಮಾಗೆ ಇಷ್ಟು ಬಿಂಕವೇ? ಬಾಗಿಲಲ್ಲಿ ನಿಂತು ಮಹಾಶಯರು ಹಲ್ಲು ಕಿಸಿದರು.

ಮಾರ್ಚ್ 10
ರಿಪೇರಿಯವನಿಗೆ ಫೋನ್. ಯಾರೂ ಕದ್ದು ಕಾಪಿ ಮಾಡದಿರಲಿ ಅಂತ ಈ ಕಾಟವಂತೆ. ಕಂಪ್ಯೂಟರನ್ನು ಎಚ್‌ಡಿಎಂಐ ಕೇಬಲ್ಲಿನಿಂದ ಹಾಲ್‌ನ ಟಿವಿಗೆ ಜೋಡಿಸಿ ಅಂದ.

ಮಾರ್ಚ್ 16, ಭಾನುವಾರ
ಬಂತು! ನಾಯಕನ ಕೋಟಿನ ಗುಂಡಿಯ ದಾರವೂ ಕಾಣುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ, ಇಷ್ಟು ದೊಡ್ಡ ಟಿವಿ ದಂಡ ಅನ್ನಿಸಿತು. ಸೆಟ್ಟಿಂಗ್ ಹುಡುಕಿ ಪರದೆ ತುಂಬಿಸಿದೆ. ಅತ್ತೆಯನ್ನು ಕರೆದು ಕೂರಿಸಿದೆ. ಸ್ಟೇಷನ್ ಬಂತು. ಎಡಗಡೆ ಕೊನೆಗೆ... ಯಾರದೋ ಮೊಣಕೈ, ಅಷ್ಟೇ.

"ಬಿಡಮ್ಮ, ನಂಗೇ ಮರ್ತೋಗಿರ್ಬೇಕು" ಎಂದು ಎದ್ದು ಒಳಗೆ ಹೋದರು. ಈ ಸಲ ಮಹಾಶಯರೂ ನಗಲಿಲ್ಲ. ನಾನು ಯಾಕಾದರೂ ಇದಕ್ಕೆ ಕೈ ಹಾಕಿದೆನೋ. ಅಳು ಬಂತು.

ಮಾರ್ಚ್ 22, ಶನಿವಾರ
ಇವರು ಆಫೀಸಿನಿಂದ ಬಂದವರೇ ಶೂ ಕೂಡ ಬಿಚ್ಚದೆ ಡಿಸ್ಕ್ ಹಾಕಿದರು. ಆ ಕಪ್ಪು ಪಟ್ಟಿ ಎಲ್ಲಿ ಹೋಯಿತು ಎಂದು ಕೇಳಿದರು. ನಾನೇ ತೆಗೆದೆ ಅಂದೆ, ಸ್ವಲ್ಪ ಜಂಬದಿಂದಲೇ. ಚಿತ್ರ ಹಿಗ್ಗಿಸಿದರೆ ಎರಡೂ ಪಕ್ಕ ಕತ್ತರಿಸಿ ಹೋಗುತ್ತದೆ, ಟಿವಿಯವರು ಮಾಡಿದ್ದೂ ಇದನ್ನೇ ಇರಬೇಕು ಅಂದರು. ವಾರವಿಡೀ ಅದೇ ಯೋಚನೆಯಂತೆ, ಪುಣ್ಯಾತ್ಮನಿಗೆ! ಸೆಟ್ಟಿಂಗ್ ಹಿಂದಕ್ಕೆ ಹಾಕಿದರು. ಚಿತ್ರ ಚಿಕ್ಕದಾಯಿತು, ಪಟ್ಟಿ ಬಂತು. ಎಡಗಡೆ ಕೊನೆಗೆ ಮೊಣಕೈಯ ಒಡತಿ ಸಿಕ್ಕಳು. ಅತ್ತೆಯ ಮೂಗು, ಅತ್ತೆಯ ಗಲ್ಲ, ಉದ್ದ ಜಡೆ.

ಕರೆದೆ. ಕನ್ನಡಕ ಒರೆಸಿಕೊಂಡು ಟಿವಿ ಹತ್ತಿರವೇ ಹೋಗಿ ನಿಂತರು.

"ಅಯ್ಯೋ, ಕ್ಯಾಮೆರಾನೇ ನೋಡ್ಬಿಟ್ಟಿದೀನಿ. ನೋಡ್ಬೇಡಿ ಅಂತ ಅಷ್ಟು ಹೇಳಿದ್ರು."

ಮಗ ನೆಲ ನೋಡುತ್ತಿದ್ದರು. "ನಾನೇ ಸರಿಯಾಗಿ ನೋಡಿರ್ಲಿಲ್ಲ ಕಣಮ್ಮ."

ಅತ್ತೆ ಅವರ ತಲೆ ಸವರಿದರು. ನನಗೆ ಕುಣಿಯುವಷ್ಟು ಖುಷಿ.

ಮಾರ್ಚ್ 23, ಭಾನುವಾರ
ಅಕ್ಕಪಕ್ಕದವರಿಗೆಲ್ಲ ಬುಲಾವ್ ಹೋಗಿದೆ. ಅವಸರ ಅಮ್ಮನಿಗಲ್ಲ, ಮಗನಿಗೆ. ಕುರ್ಚಿ ಸಾಲದು ಎಂದು ಚಾಪೆ ಹಾಸಿದ್ದಾರೆ. ಅತ್ತೆ ಒಳಗೆ ತಲೆ ಬಾಚಿಕೊಳ್ಳುತ್ತಿದ್ದಾರೆ — ಈಗಿನ ನಿಮ್ಮನ್ನು ಯಾರು ನೋಡುತ್ತಾರೆ ಅಂದೆ, ಒಂದು ಪೆಟ್ಟು ಬಿತ್ತು. ಬೆಲ್ ಆಯಿತು. ಬಂದರು ಅಂತ ಕಾಣು...