ಹಗಲಿನ ಅರ್ಧ ಚಂದ್ರ

ರಂಜನಿ,

ಆರೂವರೆ ಬಸ್ಸಿಗೆ ಕಿಣತ್ತುಕಡವಿನ ಸ್ಕೂಲಿಗೆ ಹೊರಟೆ. ಎದ್ದ ಕೂಡಲೇ ಅಪ್ಪನಿಗೆ ಬಿ.ಪಿ. ಮಾತ್ರೆ ಕೊಡು. ಏಳಕ್ಕೆ ನಲ್ಲಿ ನೀರು ಬರುತ್ತೆ, ಫೋನ್ ನೋಡ್ತಾ ಕೂತು ಮರೆಯಬೇಡ. ನಿನ್ನ ಟೆನಿಸ್ ಬಾಲು, ಟಾರ್ಚು ನಾನೇ ತಗೊಂಡು ಹೋಗಿದ್ದೀನಿ, ಬಯ್ಯಬೇಡ.

ನಿನ್ನೆ ಟೀಚರ್ ಟ್ರೈನಿಂಗಿನ ಪಾಠದಲ್ಲಿ ಐದನೇ ಕ್ಲಾಸಿನ ಮಕ್ಕಳಿಗೆ, ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣಗಾಗುತ್ತಾನೆ ಅಂದುಬಿಟ್ಟೆ. ಅಭಿನಯಾ ಅಂತ ಒಂದು ಹುಡುಗಿ ಎದ್ದು ತಮಿಳಿನಲ್ಲಿ ಕೇಳಿದಳು: "ಟೀಚರ್, ಹಗಲಲ್ಲಿ ಸೂರ್ಯ, ಅರ್ಧ ಚಂದ್ರ ಎರಡೂ ಒಟ್ಟಿಗೆ ಕಾಣುತ್ತಲ್ಲಾ, ಆಗ ನೆರಳು ಎಲ್ಲಿಂದ ಬಂತು?" ಗದರಿಸಿ ಕೂರಿಸಿದೆ. ಮನೆಗೆ ಬಂದು ಪುಸ್ತಕ ತೆಗೆದರೆ ಅವಳೇ ಸರಿ. ಆ ನೆರಳು ಬೀಳುವುದು ಗ್ರಹಣದಲ್ಲಿ ಮಾತ್ರ. ಮಿಕ್ಕ ದಿನ, ಚಂದ್ರನ ಮೇಲೆ ಬಿಸಿಲು ಬಿದ್ದಿರುವ ಅರ್ಧದಲ್ಲಿ ನಮ್ಮ ಕಡೆಗೆ ಎಷ್ಟು ತಿರುಗಿದೆಯೋ ಅಷ್ಟು ಕಾಣುತ್ತೆ.

ಇವತ್ತು ಮಾರ್ಕು ಹಾಕಲು ನಮ್ಮ ಲೆಕ್ಚರರ್ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಅವರೆದುರೇ ತಪ್ಪು ಒಪ್ಪಿಕೊಂಡು, ನಿನ್ನ ಬಾಲು, ಟಾರ್ಚು ಹಿಡಿದು ಸರಿಯಾಗಿ ತೋರಿಸಬೇಕು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ನಿಜ. ಆದರೆ ಆ ಹುಡುಗಿ ತಾನೇ ದಡ್ಡಿ ಅಂದುಕೊಂಡು ಇನ್ನೆಂದೂ ಕೈ ಎತ್ತದೇ ಹೋದರೆ?

ಅಕ್ಕ