ಹೂಂ ಅನ್ನುವವರೆಗೆ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 7.40

ಗಾಲ್ಫ್ ಪ್ರಾಕ್ಟೀಸ್. ಐವತ್ತು ಚೆಂಡು. ಮೂವತ್ತೊಂದು ಬಲಕ್ಕೆ. ಹತ್ತು ನೆಲ ಕೆರೆದುಕೊಂಡು ಹೋದವು. ಉಳಿದವು ಎಲ್ಲಿ ಹೋದವೋ ಅವಕ್ಕೇ ಗೊತ್ತು.

ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ ಸ್ವಿಂಗ್ ವಿಡಿಯೋ ಮಾಡಿಕೊಂಡೆ. ಎರಡು ಸಲ ಬಿತ್ತು. ಮೂರನೇ ಸಲ ನಿಂತಿತು, ಆದರೆ ಕತ್ತಿನಿಂದ ಕೆಳಗೆ ಮಾತ್ರ ಬಂದಿದೆ. ತಲೆಯಿಲ್ಲದ ಮನುಷ್ಯನೊಬ್ಬ ಕೋಲು ಬೀಸುತ್ತಿದ್ದಾನೆ. ಅವಳಿದ್ದರೆ "ತಲೆ ಇದ್ದಾಗ ಏನು ಮಹಾ ಕಿಸಿದ್ರಿ" ಅನ್ನುತ್ತಿದ್ದಳು.

ನನ್ನ ಹೆಂಡತಿ ಅವಳ ಅಕ್ಕನ ಮನೆಗೆ ಹೋಗಿ ಐದು ತಿಂಗಳಾಯಿತು. ಜಗಳ ಇಲ್ಲ, ಕೂಗಾಟ ಇಲ್ಲ. ಅಕ್ಟೋಬರಿನ ಒಂದು ಬೆಳಿಗ್ಗೆ ಸೂಟ್‌ಕೇಸ್ ಬಾಗಿಲ ಹತ್ತಿರ ಇಟ್ಟು, "ಇಪ್ಪತ್ತಾರು ವರ್ಷ ಗೋಡೆ ಜೊತೆ ಮಾತಾಡಿದ್ದು ಸಾಕು ರೀ" ಅಂದಳು. ನಾನು ಶೂ ಲೇಸ್ ಕಟ್ಟುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಲಿಫ್ಟ್ ಕೆಳಗಿಳಿಯುವ ಸದ್ದು.

ಅವಳು ಯಾಕೆ ಹೋದಳೋ ಗೊತ್ತಿಲ್ಲ. ಚೆಂಡು ಯಾಕೆ ಬಲಕ್ಕೆ ಹೋಗುತ್ತದೆ ಅನ್ನುವುದನ್ನಾದರೂ ಕಂಡುಹಿಡಿಯಬಹುದು.

ಮಾರ್ಚ್ 5, ಗುರುವಾರ

ಗಾಲ್ಫ್ ಕ್ಲಬ್ಬಿನ ಲಿಫ್ಟ್ ನಮ್ಮ ಕಂಪನಿಯ ಮೇಂಟೆನೆನ್ಸ್‌ನಲ್ಲಿದೆ. ನೋಡಿಕೊಳ್ಳುವವನು ನಾನು. ಹಾಗಾಗಿ ಬೆಳಿಗ್ಗೆ ಆರರಿಂದ ಏಳೂವರೆ ರೇಂಜ್ ಅನ್ನುವ ಅಭ್ಯಾಸದ ಬಯಲಿನ ಮೂಲೆಯಲ್ಲಿ ಹೊಡೆಯಲು ಬಿಡುತ್ತಾರೆ. ಅಲ್ಲಿ ಕಲಿಸುವವಳು ಮೂವತ್ತರ ಆಸುಪಾಸಿನವಳು. ನಾನಿಟ್ಟ ಹೆಸರು ಕೋಚಮ್ಮ. ಎದುರಿಗೆ ಮೇಡಂ.

ಇವತ್ತು ಎರಡು ಕಂಕುಳಿಗೂ ಒಂದೊಂದು ಟವೆಲ್ ಸಿಕ್ಕಿಸಿದಳು. ಬೀಳಿಸದೆ ಬೀಸಬೇಕಂತೆ.

"ಕೈಯಲ್ಲಿ ಹೊಡೀಬೇಡಿ ಸಾರ್. ಸೊಂಟ ಮೊದಲು ತಿರುಗಲಿ, ಎದೆ ಅದರ ಹಿಂದೆ ಬರಲಿ. ಕೈ ಕೊನೇಲಿ."

"ಸೊಂಟ ಈ ವಯಸ್ಸಲ್ಲಿ ಬಾಗಿಲ ಕಡೆ ತಿರುಗೋದೇ ಕಷ್ಟ ಮೇಡಂ."

ನಕ್ಕಳು. ಟವೆಲ್ ಬಿತ್ತು. ಚೆಂಡು ಬಲಕ್ಕೆ. ಮೂವತ್ತು ಮಹಡಿಯ ಲಿಫ್ಟ್ ಎಲ್ಲಿ ಕಿರುಗುಟ್ಟುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ನನ್ನ ಮೈಯೊಳಗೆ ಎಲ್ಲಿ ಹಿಡಿಯುತ್ತಿದೆ ಅನ್ನುವುದು ಮಾತ್ರ ತಿಳಿಯಲೊಲ್ಲದು.

ಮಾರ್ಚ್ 8, ಭಾನುವಾರ. ಮಧ್ಯಾಹ್ನ

ಮನೆಯ ಹಾಲ್‌ನಲ್ಲಿ ಬರಿಗಾಲಲ್ಲಿ ಪ್ರಾಕ್ಟೀಸ್. ಭಾರ ಬಲಗಾಲಿನಿಂದ ಎಡಗಾಲಿಗೆ. ಬೀರುವಿನ ಕನ್ನಡಿಯಲ್ಲಿ ನೋಡಿಕೊಂಡೆ. ಕೋಲು ಹಿಂದಕ್ಕೆ ಹೋಗಿ ಅವಳ ಹೊಲಿಗೆ ಮಿಷನ್ನಿನ ಮುಚ್ಚಳಕ್ಕೆ ತಾಗಿತು. "ಸಾರಿ" ಅಂದೆ. ಮಿಷನ್ನಿಗೆ! ಥೂ.

ಅನ್ನ ಇವತ್ತೂ ಜಾಸ್ತಿ ಆಯಿತು. ಇಬ್ಬರ ಅಳತೆ ಇನ್ನೂ ಕೈಬಿಟ್ಟಿಲ್ಲ.

ಮಾರ್ಚ್ 9, ಸೋಮವಾರ. ಸಂಜೆ

ಅವಳ ಫೋನ್. ಐದು ತಿಂಗಳಲ್ಲಿ ಮೂರನೇದು.

"ಹಲೋ" ಅಂದಳು.

ಇಪ್ಪತ್ತಾರು ವರ್ಷದಲ್ಲಿ ನನಗೆ ಹಲೋ ಅಂದವಳಲ್ಲ. ಫೋನ್ ಎತ್ತಿದರೆ ಮೊದಲ ಮಾತೇ "ರೀ". ಈಗ ಬ್ಯಾಂಕಿನವರ ಹಾಗೆ ಹಲೋ.

"ಇಪ್ಪತ್ತೊಂಬತ್ತು ಭಾನುವಾರ ತಮ್ಮ ವ್ಯಾನ್ ತರ್ತಾನೆ. ಮಿಷನ್ ತಗೊಂಡು ಹೋಗ್ತೀನಿ."

ಈ ಮನೆಯಲ್ಲಿ ಅವಳದು ಅಂತ ಉಳಿದಿರುವುದು ಅದೊಂದೇ. ಅದೂ ಹೋದರೆ ಇಲ್ಲಿಗೆ ಬರಲು ಅವಳಿಗೆ ಕಾರಣವೇ ಇರುವುದಿಲ್ಲ. ಅದನ್ನು ಹೇಳಬೇಕಿತ್ತು. "ಸರಿ" ಅಂದೆ. ಅವಳು ಫೋನ್ ಇಟ್ಟಳು.

ಇಪ್ಪತ್ತು ದಿನ ಇದೆ. ಅಷ್ಟರಲ್ಲಿ ಒಂದು ಮಾತು ಹುಡುಕಬೇಕು.

ಮಾರ್ಚ್ 14, ಶನಿವಾರ. ಬೆಳಿಗ್ಗೆ

ಕೋಚಮ್ಮ ಇವತ್ತು ಸ್ವಿಂಗ್ ನೋಡಲೇ ಇಲ್ಲ. ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ನಿಂತಳು.

"ಹನ್ನೆರಡು ಸೆಕೆಂಡ್ ಸಾರ್."

"ಏನು ಹನ್ನೆರಡು?"

"ಚೆಂಡಿನ ಮುಂದೆ ನಿಂತ್ಮೇಲೆ ಕೋಲು ಅಲ್ಲಾಡೋಕೆ ಹನ್ನೆರಡು ಸೆಕೆಂಡ್. ಗರ ಬಡಿದವರ ಹಾಗೆ ನಿಂತ್ಬಿಡ್ತೀರಾ. ಅಷ್ಟರಲ್ಲಿ ಭುಜ, ಮೊಣಕೈ, ಬೆರಳು ಎಲ್ಲಾ ಬಿಗಿಯಾಗಿರುತ್ತೆ. ಆಮೇಲೆ ಸೊಂಟ ಎಲ್ಲಿಂದ ತಿರುಗಬೇಕು? ಯಾರಿಗೆ ಕಾಯ್ತೀರಾ ಸಾರ್?"

ತಮಾಷೆಗೆ ಕೇಳಿದ್ದು.

ಹೋದ ವರ್ಷ ಚೆನ್ನಾಗಿ ಹೊಡೆಯುತ್ತಿದ್ದೆ ಅಂದೆ. ಹಾಗಾದರೆ ಆಗಿನ ವಿಡಿಯೋ ನೋಡಿ ಅಂದಳು. ಇವೆ, ನೂರಾರು ಇವೆ. ದಿನಾ ಬೆಳಿಗ್ಗೆ ಹೆಂಡತಿಯನ್ನೂ ಎಬ್ಬಿಸಿ ಕರೆತಂದು ಮೊಬೈಲ್ ಹಿಡಿಸುತ್ತಿದ್ದೆ. ನೋಡುವಾಗ ಮಾತ್ರ ಸೌಂಡ್ ತೆಗೆದುಬಿಡುತ್ತಿದ್ದೆ. ಅವಳ ಮಾತು ನಡುವೆ ಬಂದರೆ ಮೊಣಕೈ ಮೇಲೆ ಗಮನ ಇರುವುದಿಲ್ಲ ಅಂತ.

"ಸೌಂಡ್ ಹಾಕ್ಕೊಂಡು ನೋಡಿ" ಅಂದಳು ಕೋಚಮ್ಮ. "ಚೆಂಡಿಗೆ ಸರಿಯಾಗಿ ತಾಗಿದ್ರೆ ಸದ್ದೇ ಬೇರೆ."

ಸಂಜೆ 5.30

ಹಾಕಿಕೊಂಡು ನೋಡಿದೆ.

ಎಲ್ಲ ವಿಡಿಯೋದಲ್ಲೂ ಒಂದೇ ಕ್ರಮ. ನಾನು ನಿಲ್ಲುತ್ತೇನೆ. ಅವಳು ಮೊಬೈಲ್ ಸರಿ ಮಾಡಿಕೊಂಡು "ಹೂಂ" ಅನ್ನುತ್ತಾಳೆ. ಅಂದರೆ ರೆಕಾರ್ಡಿಂಗ್ ಶುರುವಾಗಿದೆ, ಹೊಡೀರಿ ಅಂತ. ನಾನು ಹೊಡೆಯುತ್ತೇನೆ. ಹೂಂ — ಟಕ್. ಹೂಂ — ಟಕ್. ಸೊಂಟ ಬೆಣ್ಣೆಯ ಹಾಗೆ ತಿರುಗುತ್ತಿದೆ.

ಕಾಯುತ್ತಿದ್ದದ್ದು ಅದಕ್ಕೆ. ಈ ಐದು ತಿಂಗಳು ದಿನಾ ಐವತ್ತು ಸಲ, ಅವಳು ಹೂಂ ಅನ್ನಲಿ ಎಂದು ನಿಂತಿದ್ದೇನೆ.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಜೂನ್ 11ರ ವಿಡಿಯೋ. ಹೂಂ. ಟಕ್. ನಾನು ಚೆಂಡು ನೋಡುತ್ತ ನಿಂತಿದ್ದೇನೆ. ಅವಳ ದನಿ, ತೀರಾ ಮೆಲ್ಲಗೆ:

"ರೀ, ನಾಳೆ ಆಸ್ಪತ್ರೆಗೆ ನನ್ನ ಜೊತೆ ಬರ್ತೀರಾ? ಎದೇಲಿ ಗಂಟು ಇದೆ ಅಂದೆನಲ್ಲ, ಟೆಸ್ಟ್ ಮಾಡ್ಬೇಕಂತೆ."

ನಾನು ಚೆಂಡಿನಿಂದ ಕಣ್ಣು ತೆಗೆಯದೆ: "ಮೊಣಕೈ ಬಗ್ಗಿತಾ?"

ಆಮೇಲೆ ಅವಳು: "ಇಲ್ಲ. ನೇರ ಇತ್ತು."

ಜೂನ್ 22. ಹೂಂ. ಟಕ್. "ರೀ, ರಿಪೋರ್ಟ್ ಬಂತು. ಏನೂ ಇಲ್ವಂತೆ." ನಾನು: "ಛೇ, ಬಲಕ್ಕೆ ಹೋಯ್ತು ನೋಡು."

ಹನ್ನೊಂದು ದಿನ. ಅವಳೊಬ್ಬಳೇ. ಇದೇ ಮನೆಯಲ್ಲಿ, ಇದೇ ಊಟದ ಮೇಜಿನ ಎದುರು.

ಮಾರ್ಚ್ 23, ಸೋಮವಾರ

ಬರೆಯಲಿಲ್ಲ. ರೇಂಜಿಗೂ ಹೋಗಲಿಲ್ಲ. ಕೆಲಸ, ಮನೆ, ಕೆಲಸ.

ಆ ಎರಡು ವಿಡಿಯೋ ಎಷ್ಟು ಸಲ ನೋಡಿದೆನೋ. ಅವಳ ಪ್ರತಿ ಮಾತೂ ಬಾಯಿಪಾಠ. ನನ್ನ ದನಿ ಕೇಳಿದರೆ ಮೈ ಉರಿಯುತ್ತದೆ. ಈ ಮನುಷ್ಯನ ಜೊತೆ ಇಪ್ಪತ್ತಾರು ವರ್ಷ ಹೇಗಿದ್ದಳು?

ಇವತ್ತು ಆಫೀಸ್ ಬಿಲ್ಡಿಂಗಿನ ಲಿಫ್ಟ್ ಕೆಟ್ಟಿತ್ತು. ಬಾಗಿಲು ಮುಚ್ಚಿದೆ, ಲೈಟ್ ಇದೆ, ಮೋಟಾರ್ ಸರಿ ಇದೆ, ಕದಲುತ್ತಿಲ್ಲ. ಡೋರ್ ಲಾಕಿನ ಕಾಂಟ್ಯಾಕ್ಟಿಗೆ ಧೂಳು ಕೂತಿತ್ತು. ಬಾಗಿಲು ಮುಚ್ಚಿದೆ ಅನ್ನುವ ಸಿಗ್ನಲ್ ಹೋಗದೆ ಲಿಫ್ಟ್ ಹಾಗೇ ಕಾಯುತ್ತ ನಿಂತಿತ್ತು. ಒರೆಸಿದೆ. ಹೊರಟಿತು. ಜೊತೆಗಿದ್ದ ಹಳೇ ಮೆಕ್ಯಾನಿಕ್, ನಾವೆಲ್ಲ ಗ್ರೀಸಣ್ಣ ಅನ್ನುವವನು, "ಇಷ್ಟಕ್ಕೆ ಯಾಕೋ ಕಣ್ಣೀರು?" ಅಂದ. ಧೂಳು ಅಂದೆ.

ಮಾರ್ಚ್ 25, ಬುಧವಾರ

ಧೈರ್ಯ ಮಾಡಿ ನಾನೇ ಫೋನ್ ಮಾಡಿದೆ. ಎತ್ತಿದಳು. ಎದೆಯೆಲ್ಲ ಆ ಮಾತೇ ತುಂಬಿತ್ತು. ಬಾಯಿಂದ ಬಂದದ್ದು: "ಮಿಷನ್ನಿನ ಸ್ಟ್ಯಾಂಡ್ ಬಿಚ್ಚಿಡಲಾ, ಹಾಗೇ ತಗೊಂಡು ಹೋಗ್ತೀಯಾ?"

"ಬಿಚ್ಚಿಡಿ."

ಹೇಡಿ.

ಮಾರ್ಚ್ 28, ಶನಿವಾರ. ಬೆಳಿಗ್ಗೆ 8

ರೇಂಜಿಗೆ ಹೋದೆ. ಕೋಚಮ್ಮನಿಗೆ ಹೂಂ ವಿಷಯ ಮಾತ್ರ ಹೇಳಿದೆ. ಉಳಿದದ್ದು ಹೇಳಲಿಲ್ಲ. ಅವಳು ನಗಲಿಲ್ಲ.

"ಹಾಗಿದ್ರೆ ನೀವೇ ಹೂಂ ಅಂದ್ಕೊಳ್ಳಿ ಸಾರ್."

ಅಂದುಕೊಂಡೆ. ನನ್ನ ಹೂಂ ನನಗೇ ಕೇಳಿಸಿ ನಗು ಬಂತು. ನಗುತ್ತಲೇ ಬೀಸಿದೆ. ಸೊಂಟ ತಿರುಗಿತು, ಭಾರವೆಲ್ಲ ಎಡಗಾಲಿಗೆ ಬಂತು, ಕೈ ತಾನಾಗಿ ಹಿಂಬಾಲಿಸಿತು. ಟಕ್. ಗೆರೆ ಎಳೆದಂತೆ ನೇರ. ಅಂಥದ್ದು ಹನ್ನೊಂದು ಹೊಡೆದೆ. ಮನೆಗೆ ಬಂದರೆ ಹೇಳಲು ಯಾರೂ ಇಲ್ಲ.

ಮಿಷನ್ನಿಗೆ ಎಣ್ಣೆ ಬಿಟ್ಟು ಒರೆಸಿದೆ. ಸ್ಟ್ಯಾಂಡ್ ಬಿಚ್ಚಿದೆ. ಡ್ರಾಯರ್‌ನಲ್ಲಿ ನನ್ನ ನೀಲಿ ಶರ್ಟಿನ ಗುಂಡಿ, ದಾರ ಪೋಣಿಸಿದ ಸೂಜಿಯ ಜೊತೆ ಹಾಗೇ ಇದೆ.

ಮಾರ್ಚ್ 29, ಭಾನುವಾರ. ಸಂಜೆ

ಹನ್ನೊಂದಕ್ಕೆ ಬಂದರು. ಭಾವಮೈದುನ ಸ್ಟ್ಯಾಂಡ್ ಹೊತ್ತುಕೊಂಡು ಮೊದಲೇ ಇಳಿದ. ಅವಳು ಸಣ್ಣಗಾಗಿದ್ದಾಳೆ. ಮನೆಯೊಳಗೆ ಸುತ್ತ ನೋಡಿದಳು, ಕೂರಲಿಲ್ಲ.

ಮಿಷನ್ನನ್ನು ಲಿಫ್ಟಿನಲ್ಲಿಟ್ಟೆ. ಅವಳೂ ಹತ್ತಿದಳು. ನಮ್ಮ ಬಿಲ್ಡಿಂಗಿನದು ಹಳೇ ಲಿಫ್ಟ್, ನಾಲ್ಕರಿಂದ ಕೆಳಕ್ಕೆ ಮೂವತ್ತೆಂಟು ಸೆಕೆಂಡ್. ಮೂರನೇ ಮಹಡಿ ದಾಟಿತು. ಅವಳು ಬಾಗಿಲನ್ನೇ ನೋಡುತ್ತಿದ್ದಾಳೆ. ಎರಡು ದಾಟಿತು. ಮನಸ್ಸಿನಲ್ಲೇ ಹೂಂ ಅಂದುಕೊಂಡೆ.

"ಜೂನ್ ಹನ್ನೆರಡಕ್ಕೆ ಆಸ್ಪತ್ರೆಗೆ ಹೇಗೆ ಹೋದೆ?"

ತಿರುಗಿದಳು.

"ಈಗ ಕೇಳ್ತೀರಾ?"

"ಅವತ್ತು ಕೇಳಿಸ್ಲಿಲ್ಲ. ಕೇಳಿಸಿಕೊಳ್ಳಲಿಲ್ಲ. ತಪ್ಪಾಯ್ತು ಕಣೆ."

ಲಿಫ್ಟ್ ನಿಂತಿತು. ಬಾಗಿಲು ತೆರೆಯಿತು. ಎದುರಿಗೆ ವ್ಯಾನ್, ಕೈ ಚಾಚಿಕೊಂಡು ಭಾವಮೈದುನ. ಅವಳು ಇಳಿಯಲಿಲ್ಲ. ಕೈ ನೀಡಿ ನಾಲ್ಕನ್ನು ಒತ್ತಿದಳು.

"ಮೂವತ್ತು ನಲವತ್ತು ಸೆಕೆಂಡಲ್ಲಿ ಹೇಳೋದಲ್ಲ ಅದು" ಅಂದಳು.

ಮುಚ್ಚುವ ಬಾಗಿಲಿನಾಚೆ ಭಾವಮೈದುನನ ದನಿ: "ಭಾವಾ, ಲಿಫ್ಟ್ ಕೆಟ್ಟೋಯ್ತಾ?"

ಮೇಲೆ ಹೋದೆವು. ಕೆಳಗೆ ಬಂದೆವು. ಮತ್ತೆ ಮೇಲೆ. ಮಿಷನ್ ನಮ್ಮಿಬ್ಬರ ನಡುವೆ. ಅವಳು ಹೇಳಿದಳು, ನಾನು ಹೂಂ ಅಂದೆ. ಬಸ್ಸಿನಲ್ಲಿ ಹೋದದ್ದು. ಫಾರಂನಲ್ಲಿ 'ಜೊತೆಗೆ ಬಂದವರು' ಅಂತ ಇದ್ದ ಕಡೆ ಗೆರೆ ಎಳೆದದ್ದು. ಸೂಜಿ. ಎರಡನೇ ದಿನ ತೋಳು ಎತ್ತಲಾಗದಿದ್ದದ್ದು; ನಾನು ಮೊಬೈಲ್ ನೆಟ್ಟಗೆ ಹಿಡಿ ಎಂದು ಗದರಿದ್ದು. ಹೂಂ. ನಾಲ್ಕನೇ ದಿನಕ್ಕೆ ಬರುವ ಹೊತ್ತಿಗೆ ಭಾವಮೈದುನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ.

ಮಿಷನ್ ಹೋಯಿತು. ಅವಳೂ ಹೋದಳು. ವ್ಯಾನ್ ಹತ್ತುವಾಗ ಹೇಳಿದ್ದು: "ಇನ್ನೂ ಏಳು ದಿನದ್ದಿದೆ. ನಾಳೆ ಏಳಕ್ಕೆ ಮಾಡ್ತೀನಿ. ಎತ್ತಿ."

ವಾಪಸ್ ಬರುತ್ತಾಳೆ ಎಂದಲ್ಲ. ಹಾಗೇನೂ ಅನ್ನಲಿಲ್ಲ. ಮಿಷನ್ ಇದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತಿದೆ. ನೋಡಲಾಗುತ್ತಿಲ್ಲ.

ಮಾರ್ಚ್ 30, ಸೋಮವಾರ. ಸಂಜೆ 6.52

ಬೆಳಿಗ್ಗೆ ರೇಂಜಿಗೆ ಹೋಗಲಿಲ್ಲ. ಕೆಲಸದಿಂದ ಬೇಗ ಬಂದೆ. ಟಿವಿ ಆಫ್. ಫ್ಯಾನ್ ಸದ್ದು ಮಾಡುತ್ತದೆ, ಅದೂ ಆಫ್. ಮೊಬೈಲ್ ಚಾರ್ಜ್ ಫುಲ್. ಮೇಜಿನ ಮೇಲೆ ನೀರಿನ ಬಾಟಲಿಗೆ ಒರಗಿಸಿಟ್ಟಿದ್ದೇನೆ. ಬೀಳುತ್ತಿಲ್ಲ.

6.57. ಅವಳು ಮಾಡದೇ ಇರಬಹುದು. ಮಾಡದಿದ್ದರೆ ಯಾವ ಬಾಯಲ್ಲಿ ಬೈಯಲಿ? ಅವಳು ಹನ್ನೊಂದು ದಿನ ಕಾದಿದ್ದಳು. ನನಗೆ ಮೂರು ನಿಮಿಷಕ್ಕೇ ಭುಜ ಬಿಗಿಯುತ್ತಿದೆ.

7.00

7.04. ಇಲ್ಲ.

7.09. ಬಂತು. ಹಲೋ ಅನ್ನಲಿಲ್ಲ. "ರೀ, ಐದನೇ ದಿನ" ಅಂದಳು. ಬರೆಯುವುದು ಸಾಕು. ಹೂಂ.