ನಲವತ್ತೊಂದನೆಯ ಗಾಜು

ಸ್ಟೊರ್ವಿಕ್, ಉತ್ತರ ಡಕೋಟ
೮ ಮಾರ್ಚ್ ೧೯೩೪, ಗುರುವಾರ

ಪ್ರೀತಿಯ ಮಾರಿತ್,

ನಿನ್ನ ಕ್ರಿಸ್‌ಮಸ್ ಕಾಗದಕ್ಕೆ ಮಾರ್ಚಿನಲ್ಲಿ ಉತ್ತರ ಬರೆಯುತ್ತಿದ್ದೇನೆ, ಬೈದುಬಿಡು. ಕೈನೋವು ಎಂದು ನೆಪ ಹೇಳಬಹುದಿತ್ತು. ನಿಜ ಹೇಳಬೇಕೆಂದರೆ ಆ ಕಾಗದವನ್ನು ಒಮ್ಮೆ ಓದಿ ಮಡಚಿಟ್ಟವಳಿಗೆ ಮತ್ತೆ ಬಿಚ್ಚುವ ಧೈರ್ಯವಾಗಲಿಲ್ಲ. ನೆಲ್ಸ್ ಹಾಸಿಗೆ ಹಿಡಿದಿದ್ದಾನೆ, ಜ್ವರ ಏರಿದಾಗಲೆಲ್ಲ "ಮಾರಿತ್, ಅವತ್ತು ನಾನು ಕೊಂಬೆ ನೆಟ್ಟಿದ್ದೆ ತಾನೇ?" ಎಂದು ನಿನ್ನ ಕೈ ಹಿಡಿದುಕೊಂಡು ಕೇಳುತ್ತಾನೆ ಎಂದು ಬರೆದಿದ್ದೆಯಲ್ಲ, ಆ ಸಾಲಿಗೆ ಹೆದರಿದೆ.

ಇಲ್ಲಿ ನದಿಯ ಹೆಪ್ಪು ಇನ್ನೂ ಕರಗಿಲ್ಲ. ಕ್ಷೌರದಂಗಡಿಯ ಓಲೆ ಮೂರನೇ ಮದುವೆಗೆ ಹೊರಟಿದ್ದಾನೆ. ತಲೆಯಲ್ಲಿ ಕೂದಲಿಲ್ಲ, ಆಸೆಗೇನೂ ಬರವಿಲ್ಲ. ಊರಿಗೆ ಈ ಬೇಸಿಗೆಗೆ ಐವತ್ತು ವರ್ಷ ತುಂಬುತ್ತದೆ. ಹಳೆಯ ಚಿತ್ರಗಳನ್ನೆಲ್ಲ ಕೂಡಿಸಿ ಪುಸ್ತಕ ಮಾಡುತ್ತಾರಂತೆ. ದೋಣಿಕಟ್ಟೆ, ಹಿಟ್ಟಿನ ಗಿರಣಿ, ಪ್ರವಾಹದ ವರ್ಷ, ಎಲ್ಲ ತೆಗೆದವನು ನನ್ನ ಯಜಮಾನ ಟೊರ್ವಾಲನೇ ತಾನೆ? ಅದಕ್ಕೆ ಶಾಲೆಯ ಟೀಚರಮ್ಮ ಬೋರ್ಗಿಲ್ಡ್ ಹೋದ ಸೋಮವಾರ ಮನೆಗೆ ಬಂದಳು. ಅಂಚೆಕಾರ್ಡಿನಲ್ಲಿ ಅಚ್ಚಾದ ಆ ಹೆಸರಾಂತ ಚಿತ್ರದ ಗಾಜು, ಅಚ್ಚು ಹಾಕುವ ನೆಗೆಟಿವ್, ಬೇಕೆಂದಳು. ನದಿ, ಕೊಯ್ದಿಟ್ಟ ಮಂಜುಗಡ್ಡೆಯ ರಾಶಿ, ಹಿಂದೆ ಚರ್ಚಿನ ಗೋಪುರ. ಅದು ನಲವತ್ತೆರಡನೆಯ ಗಾಜು. ಗಾಜಿನಲ್ಲಿ ಬಿಳಿಯದು ಕಪ್ಪಾಗಿ, ಕಪ್ಪಾದದ್ದು ಬಿಳಿಯಾಗಿ ಇರುತ್ತದೆ, ನನ್ನ ಕಣ್ಣೂ ಮಂಜು. ನಲವತ್ತೊಂದನ್ನು ಕೊಟ್ಟುಬಿಟ್ಟೆ.

ಅವಳು ಅದನ್ನು ಕಿಟಕಿಗೆ ಹಿಡಿದಳು. "ಅಜ್ಜೀ, ಇದೇನಿದು? ನದಿ ಮೇಲೆ ಬೆಳ್ಳಗೆ ಪೊರಕೆ ನಿಲ್ಲಿಸ್ದಂಗಿದೆ?"

"ಗಾಜಿಗೆ ಗೀರು ಬಿದ್ದಿದೆ ಕಣಮ್ಮ, ಹಳೇದಲ್ವಾ. ಕೊಡು, ಬೇರೆ ಕೊಡ್ತೀನಿ."

"ಗೀರು ಇಷ್ಟು ಸಾಲಾಗಿ ಬೀಳುತ್ತಾ? ಅಲ್ನೋಡಿ, ದೂರ್ದಲ್ಲಿ ಯಾರೋ ಕೊಡಲಿ ಹೊತ್ಕೊಂಡು ಹೋಗ್ತಾ ಇದಾನೆ. ಇದೇ ಇರ್ಲಿ, ಚೆನ್ನಾಗಿದೆ. ಶನಿವಾರ ದೊಡ್ಡದಾಗಿ ಅಚ್ಚು ಹಾಕಿ ಚರ್ಚಿನ ಸಭೆಯಲ್ಲಿ ತೋರಿಸ್ತೀನಿ."

ಕಸಿದುಕೊಳ್ಳಲೇ ಅನ್ನಿಸಿತು. ಕೈ ಏಳಲಿಲ್ಲ. ಅವತ್ತಿನಿಂದ ನನಗೆ ಅನ್ನ ನೀರು ಸೇರುತ್ತಿಲ್ಲ. ಹಲಗೆಯ ಹಾದಿಯಲ್ಲಿ ಬೂಟಿನ ಸದ್ದಾದರೆ ದೀಪ ಆರಿಸಿಬಿಡುತ್ತೇನೆ. ಹಾಲಿನ ಲಾರ್ಸನ ಮಗ ಪೇಡರ್ ಈಗ ಎದುರುಮನೆಯಲ್ಲೇ ಮಾಂಸದಂಗಡಿ ಇಟ್ಟಿದ್ದಾನೆ, ಬಾಗಿಲಷ್ಟು ಅಗಲ ಬೆಳೆದಿದ್ದಾನೆ. ನಿನ್ನೆ "ಏನಜ್ಜಿ, ಮುಖ ಬಿಳಿಚ್ಕೊಂಡಿದೆ?" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಒಳಗೆ ಓಡಿಬಂದು ಚಿಲಕ ಹಾಕಿಕೊಂಡೆ.

ಮುಂದಿನದರಲ್ಲಿ ಅರ್ಧ ನಿನಗೆ ಗೊತ್ತಿರುವುದೇ, ಆದರೂ ಬರೆಯದೆ ದಾಟಲಾರೆ. ನದಿಯಿಂದ ಮಂಜುಗಡ್ಡೆ ಕೊಯ್ದು ತೆಗೆದ ಜಾಗ ರಾತ್ರಿಯೊಳಗೆ ಬೆರಳು ದಪ್ಪ ಕೆನೆಗಟ್ಟಿ, ಮೇಲೆ ಹಿಮ ಬಿದ್ದು, ನೆಲದಂತೆಯೇ ಕಾಣುತ್ತದೆ. ಅದಕ್ಕೇ ಸುತ್ತ ಗುರುತಿಗೆ ವಿಲೋ ಮರದ ಕೊಂಬೆ ನೆಡುವ ಪದ್ಧತಿ. ಆಳುಗಳೆಲ್ಲ ಹೋದ ಮೇಲೆ ಮೇಸ್ತ್ರಿಯಾದವನು ತಾನೇ ನೆಡಬೇಕು, ಬೇರೆಯವರ ಕೈಗೆ ಬಿಡುವ ಹಾಗಿಲ್ಲ. ಹನ್ನೆರಡನೆಯ ಇಸವಿಯ ಜನವರಿಯಲ್ಲಿ ಮೇಸ್ತ್ರಿಯಾಗಿದ್ದ ನೆಲ್ಸ್ ನೆಟ್ಟ, ಮಾರಿತ್. ನಮ್ಮ ಕಣ್ಣೆದುರಿಗೇ ನೆಟ್ಟ. ದಾಟಿ ಹೋಗುವಾಗ "ನನ್ನ ಬೆನ್ನಿನ ಫೋಟೋ ತೆಗೀಬೇಡಯ್ಯಾ, ಪ್ಯಾಂಟು ಹರಿದಿದೆ" ಎಂದು ಟೊರ್ವಾಲನಿಗೆ ತಮಾಷೆ ಮಾಡಿದ. ಟೊರ್ವಾಲ್ ತೆಗೆದೇ ತೆಗೆದ. ಅದೇ ನಲವತ್ತೊಂದು. ಆಮೇಲೆ ಕೊಂಬೆಗಳು ನೋಟ ಕೆಡಿಸುತ್ತವೆ ಎಂದು ಕೀಳಿಸಿ ಇನ್ನೊಂದು ತೆಗೆದ, ಅದು ನಲವತ್ತೆರಡು. ಮತ್ತೆ ನೆಡುವುದು ಅವನಿಗೆ ಮರೆತುಹೋಯಿತು. ಬೆಳಗಾಗುವುದರೊಳಗೆ ಲಾರ್ಸ್, ಹಾಲಿನ ಗಾಡಿ, ಎರಡು ಕುದುರೆ, ಎಲ್ಲ ನೀರಿನಡಿಗೆ ಹೋದವು.

ವಿಚಾರಣೆಯಲ್ಲಿ ನೆಲ್ಸ್ ನಮ್ಮನ್ನೇ ಸಾಕ್ಷಿಗೆ ಕರೆದ. ಟೊರ್ವಾಲ್ ನಲವತ್ತೆರಡನ್ನು ಮುಂದಿಟ್ಟು "ಚಿತ್ರದಲ್ಲಿರೋದೇ ಅಲ್ಲಿದ್ದದ್ದು" ಎಂದ. ನನ್ನನ್ನು ಕೇಳಿದಾಗ "ನಾನು ಕೊಂಬೆ ನೋಡ್ಲಿಲ್ಲ" ಎಂದೆ. ನಿನ್ನ ಗಂಡನ ಮುಖಕ್ಕೆ ಊರು ಉಗುಳಿತು, ನೀವು ಗಂಟುಮೂಟೆ ಕಟ್ಟಿದಿರಿ. ರೈಲಿನ ಕಿಟಕಿಯಿಂದ ನೀನು ನನಗೆ ಕೈಬೀಸಿದೆ. ಇಪ್ಪತ್ತೆರಡು ವರ್ಷ ನಾನು ನಿನಗೆ ಉಪ್ಪಿನಕಾಯಿ ಹಾಕುವ ಬಗೆ, ಮೊಮ್ಮಕ್ಕಳ ಹಲ್ಲು, ಎಲ್ಲ ಬರೆದೆ. ಇದೊಂದನ್ನು ಬಿಟ್ಟು.

ನನಗೆ ಭಯವಾಗುತ್ತಿದೆ ಮಾರಿತ್. ಪೇಡರನ ಭಯ, ಊರಿನ ಭಯ, ಎಲ್ಲಕ್ಕಿಂತ ಹೆಚ್ಚಾಗಿ ಇನ್ನು ನಿನ್ನ ಕಾಗದ ಬಾರದೆ ಹೋಗುವ ಭಯ. ಕೊಂಬೆ ಕಿತ್ತದ್ದಕ್ಕೆ ಸಾಕ್ಷಿಯಾದ ನಲವತ್ತೆರಡನ್ನು ಒಡೆದು ಬೂದಿಗುಂಡಿಗೆ ಹಾಕೋಣವೆಂದು ಎರಡು ಸಲ ಸುತ್ತಿಗೆ ಎತ್ತಿದೆ. ಆಗಲಿಲ್ಲ. ಶನಿವಾರ ಅದನ್ನೂ ಎತ್ತಿಕೊಂಡು ಹೋಗಿ ಸಭೆಯಲ್ಲಿ ಎದ್ದು ನಿಲ್ಲುತ್ತೇನೆ. ಆದರೆ ನೀನು ಈ ಕಾಗದ ಕೈಸೇರಿದ ಕೂಡಲೇ ನೆಲ್ಸ್‌ಗೆ ಹೇಳು. ಜ್ವರ ಇಳಿದ ಹೊತ್ತು ನೋಡಿ, ಗಟ್ಟಿಯಾಗಿ, ಎರಡು ಸಲ ಹೇಳು.

ದೇವರು ಅವನಿಗೆ ನಿದ್ದೆ ಕೊಡಲಿ, ನಿನ್ನ ಮಕ್ಕಳು ಮರಿಗಳು ತಣ್ಣಗಿರಲಿ. ನನಗಾಗಿ ಏನೂ ಬೇಡಿಕೊಳ್ಳಬೇಡ.

ನಿನ್ನವಳೆಂದು ಬರೆಯಲು ಹೆದರುವ,
ಆಸ್ಲಾಗ್

ಮತ್ತೆ: ಲಕೋಟೆ ಅಂಟಿಸಿದ್ದೆ, ಹಬೆಗೆ ಹಿಡಿದು ಬಿಚ್ಚಿದೆ. ಸತ್ತ ಗಂಡನ ಮೇಲೆ ಹೊರಿಸಿದ್ದು ಸುಳ್ಳು. ಟೊರ್ವಾಲ್ ಮರೆಯಲಿಲ್ಲ. ಕ್ಯಾಮರಾ ಮಡಚುತ್ತ "ಕೊಂಬೆ ವಾಪಸ್ ನೆಟ್ಟೆಯೇನೇ?" ಎಂದು ಕೇಳಿದ. ಬೆರಳು ಮರಗಟ್ಟಿದ್ದವು, ಮನೆ ಸೇರಿದರೆ ಸಾಕಾಗಿತ್ತು. "ಎಲ್ಲಾ ನೆಟ್ಟೆ" ಎಂದೆ. ಅವನು ತಿರುಗಿ ನೋಡಲಿಲ್ಲ, ನನ್ನ ಮಾತು ನಂಬುವವನು. ವಿಚಾರಣೆಯಲ್ಲಿ ಅವನು ಸುಳ್ಳು ಹೇಳಿದ್ದು ನನ್ನನ್ನು ಉಳಿಸಲು. ಆಮೇಲೆ ಸಾಯುವವರೆಗೂ ನದಿಯ ಚಿತ್ರ ತೆಗೆಯಲಿಲ್ಲ. ಕೊಂಬೆಗಳನ್ನು ನಾನು ಸೌದೆಗಾಯಿತೆಂದು ಸ್ಲೆಡ್ಜಿನಲ್ಲಿ ಹಾಕಿಕೊಂಡು ಬಂದಿದ್ದೆ. ಮಾರನೆಯ ಬೆಳಿಗ್ಗೆ ಲಾರ್ಸ್ ಮುಳುಗಿದನೆಂದು ನಡುಗುತ್ತ ಓಡಿಬಂದು ಹೇಳಿದವಳು ನೀನೇ. ಆಗ ಅವು ನನ್ನ ಒಲೆಯಲ್ಲಿ ಚಟಚಟ ಉರಿಯುತ್ತಿದ್ದವು. ಅದೇ ಉರಿಯಲ್ಲಿ ಕಾದ ಕಾಫಿಯನ್ನು ನಿನಗೆ ಬಸಿದು ಕೊಟ್ಟೆ. ನೀನು ಎರಡೂ ಕೈಯಲ್ಲಿ ಬಟ್ಟಲು ಹಿಡಿದುಕೊಂಡು "ಜೀವ ಬಂತು ಕಣೇ" ಎಂದೆ.